ಮೆಣಸಗಿಯವಳ ಹಲ್ಲು

ಭಾನುವಾರ, 3-6-2007

ಈ ನೋಟುಬುಕ್ಕು ಮೊಮ್ಮಗಳು ಆಸಿಫಾ ಕೊಟ್ಟದ್ದು. ಜಪಾನಿ ಮಾತು ಬರೆದುಕೊಳ್ಳಲಿಕ್ಕಂತೆ. ಮೊದಲ ಪುಟದಲ್ಲಿ ನನ್ನ ಹೆಸರು ಬರೆದೆ: ಗುಲ್ಷನಬಿ ನದಾಫ, ಗಜೇಂದ್ರಗಡ. ನಾಲ್ಕನೇ ಇಯತ್ತೆ ಪಾಸು. ನನ್ನ ಬಾಯಿಗೆ ಹೆದರಿ ಇಟಗಿಯ ಮಾಸ್ತರರು ಪಾಸು ಮಾಡಿದರು ಎಂದು ನನ್ನ ಅಪ್ಪ ಊರ ತುಂಬ ಹೇಳುತ್ತಿದ್ದ. ಹೇಳಲಿ. ಅಕ್ಷರವಂತೂ ದುಂಡಗಿದೆ.

ವಿಷಯ ಹೀಗಿದೆ. ಆಸಿಫಾ ಧಾರವಾಡದಲ್ಲಿ ಬಿ.ಎ. ಓದುವಾಗ ಸಂಜೆ ಹೊತ್ತು ಒಬ್ಬ ಜಪಾನಿ ಹೆಂಗಸಿನ ಹತ್ತಿರ ಆ ಭಾಷೆ ಕಲಿತಳು. ಅಲ್ಲಿಗೆ ಹೋಗಿ ಒಂದು ವರ್ಷ ಪುಕ್ಕಟೆ ಓದುವ ಅವಕಾಶ ಇದೆ. ಅದಕ್ಕೆ ಬೆಂಗಳೂರಿನಲ್ಲಿ ಬಾಯಿಪರೀಕ್ಷೆ. ಹೋದ ವರ್ಷ ಕೂತು ನಪಾಸಾದಳು. ಈ ಸಲ ಜುಲೈ ಒಂಬತ್ತಕ್ಕೆ. ಮನೆಯವರೊಬ್ಬರ ಫೋಟೋ ಒಯ್ದು ಎದುರಿಗಿಟ್ಟು, ಆ ಮನುಷ್ಯರು ಹೇಗಿದ್ದಾರೆಂದು ಐದು ನಿಮಿಷ ಜಪಾನಿಯಲ್ಲಿ ಹೇಳಬೇಕು. ಇದೂ ಹೋದರೆ ನರೇಗಲ್ಲಿನ ಬಾಬುಸಾಬನ ಮಗ ಸಲಾವುದ್ದೀನನ ಜೊತೆ ನಿಕಾಹ. ಆ ಸಂಬಂಧ ಹುಡುಕಿದವಳು ನಾನೇ. ಸೈಕಲ್ ಅಂಗಡಿ ಇದೆ, ಎರಡಂತಸ್ತಿನ ಮನೆ ಇದೆ, ಇನ್ನೇನು ಬೇಕು?

ನನ್ನ ಮಗ ದಿಲಾವರ ಅರಳೆ ಯಂತ್ರ ನಿಲ್ಲಿಸಿ ಬಂದು, ಮೂಗಿನ ಮೇಲಿನ ಹಿಂಜಿದ ಹತ್ತಿ ಒರೆಸಿಕೊಳ್ಳುತ್ತ ಖಡಕ್ಕಾಗಿ ಹೇಳಿದ: "ಇದೊಂದ ಸಲ ನೋಡು. ಆಮ್ಯಾಲ ತಕರಾರ ಇಲ್ಲದ ನರೇಗಲ್ಲ ಬಸ್ ಹತ್ತಬೇಕು."

"ಮನಷ್ಯಾರು ಹ್ಯಾಂಗ ಅದಾರ ಅಂತ ಹೇಳಾಕ ಪರೀಕ್ಷಾ ಬ್ಯಾರೆ ಬೇಕೇನ?" ಎಂದೆ ನಾನು. "ನನ್ನ ಕೇಳು. ಇಡೀ ಗಜೇಂದ್ರಗಡದ್ದು ಹೇಳತೀನಿ."

"ನೀ ಹೇಳೂದು ವರ್ಣನಾ ಅಲ್ಲ ಆಯಿ, ಬೈಗಳ," ಎಂದಳು ಆಸಿಫಾ. "ಆದ್ರ ಎದುರಿಗೆ ಕುಂತು ಪ್ರಶ್ನಾ ಕೇಳಾಕ ಒಬ್ಬರು ಬೇಕು. ನಿನ್ನಂಗ ಕಾಡೋರು ಯಾರೂ ಇಲ್ಲ. ಕುಂಡ್ರತೀ?"

ಕೂತೆ.

ಬುಧವಾರ, 6-6-2007

ಮೂರು ದಿನದಲ್ಲಿ ಹದಿನಾಲ್ಕು ಮಾತು ಬಂದವು. ಮಾತು ಕಟ್ಟುವ ರೀತಿ ನಮ್ಮ ಕಸುಬಿನ ಗಾದಿ ಮಾಡಿದಂತೆಯೇ. ಮೊದಲು ಗಲೀಬು, ಅಂದರೆ ಗಾದಿಯ ಹೊರಚೀಲ: ಯಾರು. ಅದರ ಬಾಯಿಗೆ 'ವಾ' ಎಂಬ ಹೊಲಿಗೆ. ಆಮೇಲೆ ಅರಳೆ: ಯಾವ ಅಂಗ. ಅದಕ್ಕೆ 'ಗ' ಎಂಬ ಹೊಲಿಗೆ. ಕಡೆಗೆ ಗಂಟು: ಆ ಅಂಗ ಹೇಗಿದೆ. ಹೆಸರಿನ ಮುಂದೆ 'ಸಾನ್' ಅಂದರೆ ನಮ್ಮ 'ಸಾಬ' ಇದ್ದಂತೆ, ಮರ್ಯಾದೆ.

ದಿಲಾವರ-ಸಾನ್ ವಾ ಸೆ ಗ ತಕಾಯ್. ಎತ್ತರ ಇದ್ದಾನೆ. ಹೌದು, ನನ್ನ ಮಾವನ ಹಾಗೆ, ಬಾಗಿಲ ಪಟ್ಟಿಗೆ ಹಣೆ ಬಡಿದುಕೊಳ್ಳುವಷ್ಟು.

ಪಕ್ಕದ ಮನೆಯ ಸಕ್ರವ್ವ ಕಿವುಡಿ. ಅದಕ್ಕೆ ಅವರು 'ಮಿಮಿ ಗ ತೋಯ್' ಅನ್ನುತ್ತಾರಂತೆ, ಅಂದರೆ 'ಕಿವಿ ದೂರ'. ಎಷ್ಟು ಚೆನ್ನಾಗಿದೆ! ಸಂಜೆ ಕಟ್ಟೆಯ ಮೇಲೆ ಅವಳಿಗೆ ಇದನ್ನೇ ಒದರಿ ಹೇಳಿದೆ.

"ಏನ? ಊಟಕ್ಕ ಕರ್ಯಾಕತ್ತೀಯೇನ?" ಎಂದು ಎದ್ದೇ ಬಿಟ್ಟಳು. ಊಟಕ್ಕೆ ಹಾಕಿ ಕಳಿಸಬೇಕಾಯಿತು.

ಒಂದು ಕಡೆ ಮಾತ್ರ ಜಗಳ ಬಂತು. ಕುಂಟ, ಬೋಳ, ಜೋಲುತುಟಿ, ಇವೆಲ್ಲ ಹೆಸರಿನ ಹಿಂದೆ ಹಚ್ಚುವಂತಿಲ್ಲ ಎನ್ನುತ್ತಾಳೆ ಆಸಿಫಾ. ನಮ್ಮ ಓಣಿಯಲ್ಲಿ ಮೂವರು ಹೇಮಪ್ಪಂದಿರಿದ್ದಾರೆ. ಕುಂಟ ಹೇಮಪ್ಪ, ಬೋಳ ಹೇಮಪ್ಪ, ಬಾಯಿಬಡಕ ಹೇಮಪ್ಪ ಎನ್ನದಿದ್ದರೆ ಟಪಾಲಿನವನು ಕಾಗದ ಯಾರಿಗೆ ಕೊಡಬೇಕು? ಅವರೇನು ಸಿಟ್ಟಾಗುತ್ತಾರೆಯೇ? ಬೋಳ ಹೇಮಪ್ಪ ತನ್ನ ಗಿರಣಿಯ ಬೋರ್ಡಿನ ಮೇಲೇ ಹಾಗೆ ಬರೆಸಿದ್ದಾನೆ. ಈ ಊರಿನಲ್ಲಿ ಮನುಷ್ಯನನ್ನು ಅವನ ಕುಂದಿನಿಂದಲೇ ಗುರುತು ಹಿಡಿಯುವುದು. ಸುಖವಾದ ಪದ್ಧತಿ. ಯಾರೂ ಸುಳ್ಳು ಹೇಳಬೇಕಾಗುವುದಿಲ್ಲ.

ನನ್ನ ಸೊಸೆಯನ್ನೇ ತೆಗೆದುಕೊಳ್ಳಿ. ಮುನೀರಾ ಎಂದು ಹೆಸರು. ನಾನು 'ಮೆಣಸಗಿಯವಳು' ಎನ್ನುತ್ತೇನೆ. ಆ ಊರಿನಿಂದ ತಂದದ್ದು. ಸಿಟ್ಟು ಬಂದರೆ 'ಹಲ್ಲುಮುರುಕಿ'. ಮುಂದಿನ ಹಲ್ಲು ಅರ್ಧ ಮುರಿದಿದೆ. ಅವಳೂ ಓ ಎನ್ನುತ್ತಾಳೆ.

ಭಾನುವಾರ, 10-6-2007

ಇಂದು ಆಸಿಫಾ ತಾಲೀಮು ಶುರು ಮಾಡಿದಳು. ನಾನು ಪರೀಕ್ಷಕಿ, ಖುರ್ಚಿ ಮೇಲೆ. ನನ್ನ ಫೋಟೋ ಒಯ್ಯುತ್ತಾಳೆ ಎಂದುಕೊಂಡು ಹಸಿರು ಸೀರೆಗೆ ಇಸ್ತ್ರಿ ಹಾಕಿಸಿಟ್ಟಿದ್ದೆ. ಇವಳು ತೆಗೆದದ್ದು ಅವಳ ತಾಯಿಯ ಫೋಟೋ! ಹಬ್ಬದ ದಿನ ತೆಗೆಸಿದ್ದು. ಅದರಲ್ಲೂ ಮೆಣಸಗಿಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ.

"ಹಾಹಾ ವಾ ಯಸಶೀ ದೆಸ್. ನಮ್ಮವ್ವ ಮೆತ್ತಗಿನ ಸ್ವಭಾವದಾಕಿ."

"ಮುಂದ?"

"ಕಾಮಿ ಗ ನಗಾಯ್. ಕೂದಲ ಉದ್ದ ಅದಾವು."

"ಮುಂದ?"

ಮುಂದೆ ಇಲ್ಲ. ಮತ್ತೆ 'ಯಸಶೀ'ಗೇ ಬಂದಳು.

"ಏ ಹುಡುಗಿ, ಸಕ್ರವ್ವನ ಎಮ್ಮಿನೂ ಯಸಶೀ ಐತಿ. ಎಮ್ಮಿಗೂ ನಿಮ್ಮವ್ವಗೂ ಏನ ಫರಕ ಅಂತ ಜಪಾನದಾವ ಕೇಳಿದ್ರ?"

ಅವಳ ಮೋರೆ ಸಣ್ಣದಾಯಿತು. ಹೋದ ವರ್ಷವೂ ಹೀಗೇ ಆಯಿತಂತೆ. ಅಪ್ಪ ಎತ್ತರ, ಅವ್ವ ಮೆತ್ತಗೆ, ಅಜ್ಜಿ ವಯಸ್ಸಾದವಳು. ಪರೀಕ್ಷಕರು ತಲೆ ಅಲ್ಲಾಡಿಸಿ, ನಿಮ್ಮ ಮನೆಯವರು ಪುಸ್ತಕದಲ್ಲಿನ ಮನೆಯವರ ಹಾಗೇ ಇದ್ದಾರಲ್ಲ ಎಂದರಂತೆ.

"ಅದಕ್ಕ ನನ್ನ ಫೋಟೋ ಒಯ್ಯಿ. ಒಂದ ತಾಸು ಹೇಳುವಷ್ಟ ಐತಿ," ಎಂದೆ.

"ನಿನ್ನ ವರ್ಣನಾ ಒಂದ ಮಾತಿನಾಗ ಮುಗೀತೈತಿ ಆಯಿ. ಒಬಾಸಾನ್ ವಾ ಕುಚಿ ಗ ವಾರುಯ್."

"ಹಂಗಂದ್ರ?"

"ಅಜ್ಜಿ ಬಾಯಿ ಕೆಟ್ಟದ್ದು."

ಸಮುದ್ರದ ಆಚೆಗೂ ಇದನ್ನು ನಮ್ಮ ಹಾಗೇ ಅನ್ನುತ್ತಾರೆ! ಕೇಳಿ ಖುಷಿಯಾಯಿತು. ಆದರೆ ತೋರಿಸಲಿಲ್ಲ. ಖುರ್ಚಿ ಬಿಟ್ಟು ಎದ್ದು ಬಂದೆ.

ಸೋಮವಾರ, 11-6-2007

ಬರೆಯುವಂಥದ್ದು ಏನೂ ಇಲ್ಲ. ಹಸಿರು ಸೀರೆ ಮಡಚಿ ಪೆಟ್ಟಿಗೆಗೆ ಹಾಕಿದೆ.

ಗುರುವಾರ, 14-6-2007

ಇಂದು ಆಸಿಫಾ ಬಂದು ಕಾಲ ಬಳಿ ಕೂತಳು. "ಆಯಿ, ನಾ ಹಾಸ್ಟೆಲ್‌ನಾಗ ಬೆಳದಾಕಿ. ಅವ್ವನ ಎದುರಿಗೆ ಇಪ್ಪತ್ತನಾಕ ವರ್ಷ ಕುಂತು ಗಾದಿ ಹೊಲದಾಕಿ ನೀನು. ನೀನ ಹೇಳು, ಅವ್ವ ಹ್ಯಾಂಗದಾಳ?"

ಬಾಯಿ ತೆಗೆದೆ. 'ಹಲ್ಲು ಮುರಿದೈತಿ' ಎಂದೆ. ಅವಳು ಬರೆದುಕೊಂಡಳು. 'ಮುಂದ?' ಎಂದಳು, ನಾನು ಕೇಳುವ ಧಾಟಿಯಲ್ಲೇ.

ಮುಂದೆ ಏನೂ ಬರಲಿಲ್ಲ. ಅಡಿಕೆ ಹುಡುಕುವ ನೆಪ ಮಾಡಿದೆ. ಗಜೇಂದ್ರಗಡದಲ್ಲಿ ಯಾರು ಯಾವ ಕಾಲಿನಿಂದ ಕುಂಟುತ್ತಾರೆಂದು ಹೇಳಬಲ್ಲ ನನಗೆ ಇದೊಂದು ಸಣ್ಣ ಲೆಕ್ಕ ಬಿಡಿಸಲಾಗಲಿಲ್ಲ. ನಾಳೆಯಿಂದ ನೋಡುತ್ತೇನೆ. ಪರೀಕ್ಷೆಯ ಕೆಲಸಕ್ಕಾಗಿ, ಬೇರೆ ಏನಕ್ಕೂ ಅಲ್ಲ.

ಮಂಗಳವಾರ, 19-6-2007

ನಾಲ್ಕು ದಿನ ನೋಡಿದೆ. ಗಾದಿ ಹೊಲಿಯುವಾಗ ನಾವು ಆ ತುದಿಗೊಬ್ಬರು ಈ ತುದಿಗೊಬ್ಬರು ಕೂಡುತ್ತೇವೆ. ನಡುವೆ ಹತ್ತಿಯ ಗುಡ್ಡ. ಈಗ ನನ್ನದು ಹೆಸರಿಗಷ್ಟೆ. ಕಣ್ಣಿನ ಆಪರೇಶನ್ ಆದಾಗಿನಿಂದ ದೊಡ್ಡ ಸೂಜಿ ಅವಳದೇ.

ಅಳತೆಪಟ್ಟಿ ಮುಟ್ಟುವುದಿಲ್ಲ. ಗೇಣು ಹಾಕಿ, ಗೇಣಿನ ಕೊನೆಯಲ್ಲಿ ಕಿರುಬೆರಳನ್ನು ಒಂದು ಸಲ ತಟ್ಟಿ, ಅಲ್ಲೇ ಸೂಜಿ ಇಳಿಸುತ್ತಾಳೆ. ಹಿಂದಿನಿಂದ ಪಟ್ಟಿ ಹಿಡಿದು ನೋಡಿದೆ. ಕೂದಲೆಳೆ ತಪ್ಪಿಲ್ಲ. ಪಡುವಣದಲ್ಲಿ ಮೋಡ ಆದರೆ ಕೈ ಅರ್ಧಕ್ಕೆ ನಿಲ್ಲುತ್ತದೆ. ಮೆಣಸಗಿಯಲ್ಲಿ ಹೊಳೆ ಏರಿತೋ ಎಂದು. ತವರಿನಲ್ಲಿ ಈಗ ಯಾರೂ ಇಲ್ಲ, ಆದರೂ ನಿಲ್ಲುತ್ತದೆ. ರೊಟ್ಟಿ ಬಡಿಯುವಾಗ ಸುಟ್ಟದ್ದನ್ನು ತನ್ನ ಪಾಲಿಗೆಂದು ಬುಟ್ಟಿಯ ತಳದಲ್ಲಿ ಇಡುತ್ತಾಳೆ. ನಗು ಬಂದರೆ ಮೊದಲು ಸೆರಗು ಹುಡುಕುತ್ತಾಳೆ, ಆಮೇಲೆ ನಗುತ್ತಾಳೆ. ಅಷ್ಟರಲ್ಲಿ ಅರ್ಧ ನಗು ಹೋಗಿಯೇ ಬಿಟ್ಟಿರುತ್ತದೆ.

ಆಸಿಫಾಗೆ ಎಲ್ಲ ಹೇಳಿದೆ. ಹುಚ್ಚಿಯ ಹಾಗೆ ಬರೆದುಕೊಂಡಳು. ಕೈಕೆಲಸ ಚಲೋ ಇದ್ದವರಿಗೆ ಜಪಾನಿಯಲ್ಲಿ 'ಉದೆ ಗ ಈ' ಎನ್ನುತ್ತಾರಂತೆ. ತೋಳು ಒಳ್ಳೆಯದು ಎಂದು. ಪುಟದ ಅಂಚಿಗೆ ಬರೆದಿಟ್ಟೆ.

"ಬಾಯಿ ಯಾಕ ಮುಚ್ಚತಾಳ ಅಂತ ಕೇಳ್ತಾರ ಆಯಿ. ಫೋಟೋದಾಗ ಅದ ಮೊದಲ ಕಾಣತೈತಿ. ಹಲ್ಲ ಹ್ಯಾಂಗ ಮುರೀತು?"

"ಬಿದ್ದಿರಬೇಕು ಎಲ್ಲ್ಯರೆ," ಎಂದೆ. ನನಗೇನು ಗೊತ್ತು?

ಬುಧವಾರ, 20-6-2007

ಕೇಳಿದೆ. ಹೊಲಿಯುತ್ತ ಹೊಲಿಯುತ್ತ, ಸಹಜವಾಗಿ ಕೇಳಿದ ಹಾಗೆ.

"ಹಲ್ಲಿಗೆ ಏನಾತು ನಿಂಗ?"

ಅವಳು ಸೂಜಿ ನಿಲ್ಲಿಸಲಿಲ್ಲ. "ದಾರಾ ಕಚ್ಚಿ ಮುರೀತ್ರಿ ಅತ್ತಿ."

"ಯಾವಾಗ?"

"ನೀವು ಕಣ್ಣಿಂದು ಮಾಡಿಸ್ಕೊಂಡ ವರ್ಷರಿ. ನರಗುಂದದ ಬೋರ್ಡಿಂಗಿಗೆ ಇನ್ನೂರ ಗಾದಿ ಇದ್ದೂವಲ್ಲರಿ."

ಇದ್ದವು. ಇನ್ನೂರು ಗಾದಿ, ಗಾದಿಗೆ ಒಂದು ಕಡೇ ಗಂಟು. ನಮ್ಮ ಮನೆಯಲ್ಲಿ ಕಡೇ ಗಂಟಿಗೆ ಕಬ್ಬಿಣ ಮುಟ್ಟಿಸುವುದಿಲ್ಲ. ಕತ್ತರಿ ಹಾಕಿದರೆ ಮಲಗಿದವರ ನಿದ್ದೆ ಕತ್ತರಿಸುತ್ತದೆ ಎಂದು ನನ್ನ ಅತ್ತೆ ಹೇಳಿದ್ದು. ಮೇಣ ಹಚ್ಚಿದ ಆ ದಾರ ತಂತಿಗಿಂತ ಗಟ್ಟಿ. ಮದುವೆಯಾಗಿ ಬಂದ ಮೂರನೇ ದಿನ ಅವಳ ಕೈಯಲ್ಲಿನ ಕತ್ತರಿ ಕಸಿದು, 'ಹಲ್ಲು ಯಾಕ ಕೊಟ್ಟಾನ ದೇವರು?' ಎಂದವಳು ನಾನು.

"ನನಗ ಯಾಕ ಹೇಳಲಿಲ್ಲ?"

"ನೀವು ಕಣ್ಣಿಗೆ ಪಟ್ಟಿ ಕಟ್ಕೊಂಡು ಮಕ್ಕೊಂಡಿದ್ರಿ. ಪಟ್ಟಿ ಬಿಚ್ಚಿದ ದಿನ ನೀವ ಮೊದಲ ನೋಡಿ ಹೆಸರ ಇಟ್ಟ್ರಲ್ಲರಿ."

ದೂರಿನ ದನಿ ಇರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು. ಮತ್ತೆ ಗೇಣು ಹಾಕಿದಳು, ಕಿರುಬೆರಳು ತಟ್ಟಿದಳು.

ಇಂದು ಊಟ ಸೇರಲಿಲ್ಲ. ಬದನೆಕಾಯಿಗೆ ಎಣ್ಣೆ ಹೆಚ್ಚಾಗಿತ್ತು.

ಶನಿವಾರ, 23-6-2007

ರೋಣಕ್ಕೆ ಹೋಗಿ ಒಂದು ಕತ್ತರಿ ತಂದೆ. ಗಜೇಂದ್ರಗಡದಲ್ಲಿ ಸಿಗುವವು ಹಗುರ. ಕೊತ್ತಂಬರಿ ಕತ್ತರಿಸಲಿಕ್ಕೆ ಬೇಕಾಗಿತ್ತು. ಇಡಲು ಬೇರೆ ಜಾಗ ಇಲ್ಲದ್ದಕ್ಕೆ ಮುನೀರಾಳ ಸೂಜಿ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಅವಳು ಡಬ್ಬಿ ತೆಗೆದಳು, ನೋಡಿದಳು, ನನ್ನತ್ತ ನೋಡಿದಳು.

"ಕೊತಂಬ್ರಿಗೆ," ಎಂದೆ.

"ಹೌದ್ರಿ," ಎಂದಳು.

ಮಧ್ಯಾಹ್ನ ಎರಡು ಗಾದಿ ಮುಗಿದವು. ಕೊತ್ತಂಬರಿಯನ್ನು ಯಾರೂ ಕತ್ತರಿಸಲಿಲ್ಲ.

ಗುರುವಾರ, 5-7-2007

ತಾಲೀಮು ಚೆನ್ನಾಗಿ ನಡೆದಿದೆ. ನಾನು ಒಂದೊಂದು ಮಾತಿಗೂ 'ನಾಜೆ?' ಎನ್ನುತ್ತೇನೆ. 'ಯಾಕ?' ಎಂದು. ಉದೆ ಗ ಈ! ನಾಜೆ? ಗೇಣಿನ ಅಳತೆ ಹೇಳು. ಆಸಿಫಾ ಈಗ ತಡವರಿಸುವುದಿಲ್ಲ. ಮುನೀರಾ ನಮ್ಮ ಪಕ್ಕದಲ್ಲೇ ಕೂತು ಹೊಲಿಯುತ್ತಾಳೆ. ತನ್ನ ಬಗ್ಗೆಯೇ ಮಾತಾಗುತ್ತಿದೆ ಎಂದು ಅವಳಿಗೆ ಗೊತ್ತಿಲ್ಲ, ಪಾಪ. ನಾಡಿದ್ದು ದಿಲಾವರ ಮಗಳನ್ನು ಕರೆದುಕೊಂಡು ಗದಗಿನಿಂದ ರೈಲಿಗೆ ಹೋಗುತ್ತಾನೆ.

ಸೋಮವಾರ, 9-7-2007

ಹನ್ನೊಂದು ಗಂಟೆಗೆ ಪರೀಕ್ಷೆ. ಹತ್ತರಿಂದ ನಾನು ಮತ್ತು ಮುನೀರಾ ಒಂದೇ ಗಾದಿಯನ್ನು ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದೆವು.

ಬುಧವಾರ, 11-7-2007

ಬಂದರು. ಬಸ್ಸು ಇಳಿದು ಚಹಾ ಕುಡಿಯುವವರೆಗೂ ನನಗೆ ತಾಳ್ಮೆ ಇರಲಿಲ್ಲ.

ಮೂವರು ಪರೀಕ್ಷಕರು. ನಡುವಿನವನು ಮುದುಕ. ಫೋಟೋ ನೋಡಿದ ಕೂಡಲೇ, ಇವರೇಕೆ ಬಾಯಿ ಮುಚ್ಚಿದ್ದಾರೆ ಎಂದೇ ಕೇಳಿದನಂತೆ. ಆಸಿಫಾ ದಾರದ ಕಥೆ ಹೇಳಿದಳು. ಇನ್ನೂರು ಗಂಟು, ಮೇಣ, ಕಬ್ಬಿಣ ಮುಟ್ಟಿಸದ ಪದ್ಧತಿ. ಎಡಗಡೆಯವಳು ಬರೆಯುವುದು ನಿಲ್ಲಿಸಿದಳಂತೆ.

"ಈಗೂ ಕಚ್ಚತಾರೇನು ಅಂತ ಕೇಳಿದ ಆಯಿ. ಇಲ್ಲ, ಆಯಿ ರೋಣದಿಂದ ಕತ್ತರಿ ತಂದಾಳ ಅಂದೆ."

"ಕೊತಂಬ್ರಿಗೆ ತಂದದ್ದು. ಅದನ್ನ ಯಾಕ ಹೇಳಿದಿ?"

"ಆ ಅಜ್ಜಿ ಹ್ಯಾಂಗದಾಳ ಅಂತ ಕೇಳಿದ್ರು."

"ಏನಂದಿ?"

"ಕುಚಿ ವಾ ವಾರುಯ್, ಮೆ ವಾ ಈ. ಬಾಯಿ ಕೆಟ್ಟದ್ದು, ಕಣ್ಣ ಚಲೋ ಅದಾವು ಅಂದೆ. ಮೂರೂ ಮಂದಿ ನಕ್ಕರು."

ಇದರಲ್ಲಿ ನಗುವುದೇನಿದೆ? ಹುಬ್ಬಳ್ಳಿಯ ಡಾಕ್ಟರು ಹಾಕಿದ ಕಣ್ಣು ಚಲೋ ಇದ್ದೇ ಇರುತ್ತದೆ.

ಪಾಸೋ ನಪಾಸೋ ಕಾಗದದಲ್ಲಿ ಬರುತ್ತದಂತೆ. ಮೂರು ವಾರ.

ಮಂಗಳವಾರ, 24-7-2007

ನರೇಗಲ್ಲಿನಿಂದ ಬಾಬುಸಾಬ ಮತ್ತು ಅವನ ಹೆಂಡತಿ ಬಂದರು. ಪೇಢೆ ಡಬ್ಬಿ ತಂದಿದ್ದರು. ಕಾಗದದ ದಾರಿ ಕಾಯುವುದೇಕೆ, ಇವತ್ತೇ ತಾರೀಖು ಹಿಡಿಯೋಣ ಎಂದರು. ದಿಲಾವರ ಮೆತ್ತಗಾದ. ಎರಡು ವಾರ ಕಳೆದರೂ ಟಪಾಲಿಲ್ಲ. ಇನ್ನೇನು ಬರುತ್ತದೆ ಎಂದು ಅವನ ಮುಖವೇ ಹೇಳುತ್ತಿತ್ತು. ಆಸಿಫಾ ಒಳಗೆ ನೀರಿನ ಕೊಡಕ್ಕೆ ಆತುಕೊಂಡು ನಿಂತಿದ್ದಳು. ಮುನೀರಾ ಅವಳ ತೋಳು ಹಿಡಿದುಕೊಂಡಿದ್ದಳು.

ನಾನು ಖುರ್ಚಿ ಎಳೆದುಕೊಂಡು ಕೂತೆ.

"ಬಾಬುಸಾಬ, ನಮ್ಮ ಹುಡುಗಿ ನಿಮಗ ಒಪ್ಪಿಗಿ ಆಗ್ಯಾಳಲ್ಲ, ಹ್ಯಾಂಗದಾಳ ಹೇಳ್ರಿ ನೋಡೂಣು."

"ಹ್ಯಾಂಗ ಅಂದ್ರ? ಬೆಳ್ಳಗದಾಳ್ರಿ."

"ಮುಂದ?"

"ಎತ್ತರ ಅದಾಳ."

"ಮುಂದ?"

ಅವನು ಹೆಂಡತಿಯ ಮುಖ ನೋಡಿದ. ಅವಳು, "ಸ್ವಭಾವ ಮೆತ್ತಗ ಐತ್ರಿ," ಎಂದಳು.

"ಸಕ್ರವ್ವನ ಎಮ್ಮಿನೂ ಮೆತ್ತಗ ಐತಿ," ಎಂದೆ. "ಹೋದ ವರ್ಷ ಬೆಂಗಳೂರಾಗ ಇದ ಉತ್ತರ ಕೊಟ್ಟು ನಮ್ಮ ಹುಡುಗಿ ನಪಾಸ ಆದ್ಲು. ನೀವೂ ನಪಾಸ. ಮುಂದಿನ ವರ್ಷ ಕುಂಡ್ರರಿ."

ಬಾಬುಸಾಬ ಎದ್ದ. "ಸಂಬಂಧ ಕೇಳಾಕ ಬಂದಾಕಿ ನೀನ ಅಲ್ಲೇನ ಗುಲ್ಷನಬಿ?"

ಕೇಳಿದ್ದೆನೇ? ಯಾರೋ ಮಾತು ತಂದಿರಬೇಕು. ನಾನು ಮೊದಲಿನಿಂದಲೂ ಹುಡುಗಿ ಓದಲಿ ಎನ್ನುವವಳು.

ಅವರು ಹೋದ ಮೇಲೆ ದಿಲಾವರ ಹಣೆ ಬಡಿದುಕೊಂಡ. "ಯವ್ವಾ, ನಾಳೆ ಕಾಗದದಾಗ ಇಲ್ಲ ಅಂತ ಬಂದ್ರ?"

ಮುನೀರಾ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದಳು: "ಇಲ್ಲ ಅಂತ ಬರಂಗಿಲ್ಲರಿ." ಗಂಡನ ಮಾತಿನ ನಡುವೆ ಅವಳು ಬಾಯಿ ಹಾಕಿದ್ದು ನಾನು ಕಂಡಿಲ್ಲ. ಪೇಢೆ ಚೆನ್ನಾಗಿದ್ದವು.

ಶುಕ್ರವಾರ, 3-8-2007

ಪಾಸು!!

ಟಪಾಲಿನವನು ಮೊದಲು ಬೋಳ ಹೇಮಪ್ಪನ ಗಿರಣಿಯಲ್ಲಿ ಕೂತು ಬೀಡಿ ಸೇದಿ ಆಮೇಲೆ ಕಾಗದ ತಂದ. ಅವನಿಗೆ ಏನು ಬೈದೆನೋ ನೆನಪಿಲ್ಲ. ಆಸಿಫಾ ಲಕೋಟೆ ಒಡೆಯದೆ ತಾಯಿಯ ಕೈಗೆ ಕೊಟ್ಟಳು. ಮುನೀರಾ ಆ ಕತ್ತರಿಯಿಂದಲೇ ಅಂಚು ಕತ್ತರಿಸಿ ಕೊಟ್ಟಳು. ಆಸಿಫಾ ಎರಡು ಸಲ ಓದಿ ಹೇಳಿದಳು. ಅಕ್ಟೋಬರಿನಿಂದ ಒಂದು ವರ್ಷ. ಹದಿನೇಳು ಜನರಲ್ಲಿ ಇಬ್ಬರಂತೆ, ಅದರಲ್ಲಿ ಇವಳೊಬ್ಬಳು.

ದಿಲಾವರ ಯಂತ್ರ ಬಂದ್ ಮಾಡಲು ಮರೆತು ಓಡಿ ಬಂದ. ಹಣೆ ಬಾಗಿಲಿಗೆ ಬಡಿಯಿತು. ಸೆ ಗ ತಕಾಯ್! ಅಂಗಡಿಯೊಳಗಿಂದ ಅರಳೆ ಹಾರಿ ಓಣಿ ತುಂಬ ಬಿತ್ತು. ಮೂವರೂ ಹೇಮಪ್ಪಂದಿರು ಬಂದರು, ತಲೆ ಮೇಲೆಲ್ಲ ಹತ್ತಿ. ಬೋಳ ಹೇಮಪ್ಪನಿಗೆ ಮೊದಲ ಸಲ ಬಿಳಿ ಕೂದಲು ಬಂದಿತ್ತು. ಸಕ್ರವ್ವ ಬಂದು "ಯಾರ ಸತ್ತರ?" ಎಂದಳು. ನಾನು ಅವಳ ಕಿವಿಗೆ ಬಾಯಿಟ್ಟು ಒದರಿದೆ: "ನಮ್ಮ ಹುಡುಗಿ ಪಾಸ್ ಆತು, ಸಕ್ರವ್ವ-ಸಾನ್!" ಅವಳು ಅಳತೊಡಗಿದಳು. ಕಿವಿ ದೂರ ಇದ್ದರೂ ಎದೆ ಹತ್ತಿರ. ಅದಕ್ಕೆ ಜಪಾನಿಯಲ್ಲಿ ಏನನ್ನುತ್ತಾರೋ ಆಸಿಫಾಗೂ ಗೊತ್ತಿಲ್ಲ. ಹೋಗಿ ಕೇಳಿಕೊಂಡು ಬರಲಿ.

ಎಲ್ಲರಿಗೂ ಹುಗ್ಗಿ. ನಾನೇ ಮಾಡಿದೆ. ತಳ ಹತ್ತಿದ್ದನ್ನು ನನ್ನ ತಟ್ಟೆಗೇ ಹಾಕಿಕೊಂಡೆ. ಮುನೀರಾ ಕೈ ಚಾಚಿದಳು, ಕೊಡಲಿಲ್ಲ.

ಭಾನುವಾರ, 2-9-2007

ಆಸಿಫಾ ಒಯ್ಯುವ ಕೌದಿ ಇಂದು ಮುಗಿಯಿತು. ವಿಮಾನಕ್ಕೆ ಭಾರ ಆಗುತ್ತದೆ ಎಂದು ದಿಲಾವರ ತೂಗಿ ತೂಗಿ ನೋಡಿದ. ಆದರೆ ಆಗಲಿ. ಅವನ ಹಳೇ ಅಂಗಿ, ಸಕ್ರವ್ವನ ಕುಪ್ಪಸ, ಮುನೀರಾಳ ಮದುವೆ ಸೀರೆಯ ಸೆರಗು, ಎಲ್ಲ ತುಂಡು ಕೂಡಿಸಿದ್ದೇವೆ. ನಡುವಿನ ಚೌಕ ನನ್ನ ಹಸಿರು ಸೀರೆಯದು. ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. ಕೌದಿ ಹಸಿದಿರಬಾರದು ಎಂದು ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಮುಚ್ಚಿದೆವು.

ಕಡೇ ಗಂಟು ಮುನೀರಾ ಹಾಕಿದಳು. ಹಾಕಿ, ಎಪ್ಪತ್ತು ದಿನದ ಕತ್ತರಿ ಮರೆತು, ದಾರ ಬಾಯಿಗೆ ಒಯ್ದಳು. ನಾನು ಕತ್ತರಿ ಚಾಚಿದೆ. ಅವಳು ಹಿಡಿಯಲಿಲ್ಲ.

"ಕೌದಿಗೂ ಕಬ್ಬಿಣ ನಡೀತೈತೇನ್ರಿ ಅತ್ತಿ? ಹುಡುಗಿ ನಿದ್ದಿ?"

"ನಿದ್ದಿ ಕೆಡೂದು ಕತ್ತರಿಯಿಂದ ಅಲ್ಲ, ನನ್ನಂಥ ಅತ್ತಿಯಿಂದ. ಕತ್ತರಸು."

ಕತ್ತರಿಸಿದಳು. ಕೌದಿಯ ಆ ಎರಡು ತುದಿ ಅವಳು, ಈ ಎರಡು ತುದಿ ನಾನು ಹಿಡಿದು ಝಾಡಿಸಿದೆವು. ಗಂಟುಗಳು ಗೇಣಿಗೊಂದರಂತೆ ಸಾಲಾಗಿ ನಿಂತಿದ್ದವು. ನೋಡಿ ನನ್ನ ಬಾಯಿಂದ ತಾನೇ ಬಂತು: "ಮುನೀರಾ-ಸಾನ್ ವಾ ಉದೆ ಗ ಈ."

ಅರ್ಥ ಹೇಳಬೇಕೆಂದು ಬಾಯಿ ತೆಗೆಯುವುದರೊಳಗೆ, ಕೌದಿಯ ಆಚೆಯಿಂದ, ಸೂಜಿ ಇಳಿದ ಹಾಗೆ ನೆಟ್ಟಗೆ ಬಂತು:

"ಒಬಾಸಾನ್ ವಾ ಕುಚಿ ಗ ವಾರುಯ್."

ಆಸಿಫಾ ಕೈಯಲ್ಲಿನ ಚಹಾ ಚೆಲ್ಲಿದಳು. ಈ ಹೆಂಗಸು ಒಂದು ತಿಂಗಳು ಪಕ್ಕದಲ್ಲಿ ಕೂತು ಎಲ್ಲ ಕಲಿತಿದ್ದಳು! ಎರಡೂ ಕೈಯಲ್ಲಿ ಕೌದಿ ಹಿಡಿದಿದ್ದಳು. ಸೆರಗು ಹುಡುಕಲು ಕೈ ಇರಲಿಲ್ಲ. ಮುರಿದ ಹಲ್ಲು ತೋರಿಸಿಕೊಂಡು ನಗುತ್ತ ನಿಂತಿದ್ದಳು. ನಾನೂ ನನ್ನ ತುದಿ ಬಿಡಲಿಲ್ಲ.

ಇಪ್ಪತ್ತನಾಲ್ಕು ವರ್ಷದಲ್ಲಿ ಮುನೀರಾ ಮೊದಲ ಸಲ ನನಗೆ ಎದುರುತ್ತರ ಕೊಟ್ಟಳು. 'ವಾ' ಎಲ್ಲಿ ಬೇಕೋ ಅಲ್ಲಿ, 'ಗ' ಎಲ್ಲಿ ಬೇಕೋ ಅಲ್ಲಿ. ಒಂದೂ ತಪ್ಪಿಲ್ಲ. ಪಾಸು ಮಾಡಿದೆ.